ಹಿಡಿದ ರಿಲೇ ಬಿಡುತ್ತಿಲ್ಲ: 547 ಟ್ರಾನ್ಸಿಸ್ಟರಿನ ಜಾಗಕ್ಕೆ 2222 ಹಾಕಿದ್ದೇನೆ, ಕಾಲು ಒಂದೇ ಅಲ್ವಾ?

ನೀರ್ಚಾಲು ತೋಟ
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಸುರಂಗದ (ಗುಡ್ಡದೊಳಗೆ ಅಡ್ಡ ತೋಡಿದ ಬಾವಿಯ) ನೀರು ಕೆಳಗಿನ ಟ್ಯಾಂಕಿಗೆ ಬಂದು ಬೀಳುತ್ತದೆ. ಅಲ್ಲಿಂದ ಮೋಟಾರಿನಲ್ಲಿ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಮೇಲೆ ತುಂಬಿದ ಕೂಡಲೇ ಮೋಟಾರು ನಿಲ್ಲಬೇಕು ಎಂದು ಒಂದು ಸಣ್ಣ ಸರ್ಕ್ಯೂಟ್ ನಾನೇ ಕಟ್ಟಿದ್ದೆ. ಮೂರು ಬಿಸಿ 547 (BC547) ಟ್ರಾನ್ಸಿಸ್ಟರ್, ಮೋಟಾರನ್ನು ಆನ್-ಆಫ್ ಮಾಡಲು ಒಂದು 12 ವೋಲ್ಟಿನ ರಿಲೇ (ಕರೆಂಟಿನಿಂದ ಓಡುವ ಸ್ವಿಚ್), ಅಷ್ಟೇ. ನಾಲ್ಕು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ.

ಹೋದ ವಾರದ ಸಿಡಿಲಿಗೆ ರಿಲೇ ಓಡಿಸುವ ಟ್ರಾನ್ಸಿಸ್ಟರ್ ಹೋಯಿತು. ಪೇಟೆಯ ಅಂಗಡಿಯಲ್ಲಿ 547 ಮುಗಿದಿತ್ತು. "2222 ಉಂಟು, ಅದಕ್ಕಿಂತ ಗಟ್ಟಿ, ಆಕಾರವೂ ಅದೇ" ಎಂದು ಕೊಟ್ಟರು. ತಂದು ಅದೇ ತೂತಿಗೆ ಸೋಲ್ಡರ್ ಮಾಡಿದೆ.

ಈಗ ರಿಲೇ ಕೆಲವೊಮ್ಮೆ ಹಿಡಿಯುತ್ತದೆ, ಕೆಲವೊಮ್ಮೆ ಇಲ್ಲ. ಹಿಡಿದರೆ ಮಾತ್ರ ಬಿಡುವುದೇ ಇಲ್ಲ! ಟ್ಯಾಂಕಿ ತುಂಬಿ ಹರಿದರೂ ಮೋಟಾರು ಓಡುತ್ತಲೇ ಇರುತ್ತದೆ. ಅಡಾಪ್ಟರ್ ಕಿತ್ತರೆ ಮಾತ್ರ ನಿಲ್ಲುತ್ತದೆ. ಎಪ್ರಿಲ್ ತಿಂಗಳ ಸುರಂಗದ ನೀರು ಹೀಗೆ ಅಂಗಳಕ್ಕೆ ಹರಿದರೆ ಹೊಟ್ಟೆ ಉರಿಯುತ್ತದೆ. ಬೋರ್ಡಿನ ಬಿಳಿ ಗೆರೆಯ ಗುರುತು ನೋಡಿಯೇ ಕೂರಿಸಿದ್ದೇನೆ. ಚಪ್ಪಟೆ ಮುಖ ಚಪ್ಪಟೆ ಕಡೆಗೇ ಇದೆ. ಎರಡೂ ಟಿಒ-92 (ಮೈಯ ಆಕಾರದ ಹೆಸರು). ಹಾಗಾದರೆ ಕಾಲು ಒಂದೇ ಅಲ್ವಾ?

ಬದಿಯಡ್ಕದವ
ರಿಲೇಯ ಪಾಯಿಂಟ್ ಅಂಟಿದೆ. ಸಿಡಿಲಿಗೆ ಹಾಗೆ ಆಗುತ್ತದೆ. ರಿಲೇ ಬದಲಿಸಿ.

ನೀರ್ಚಾಲು ತೋಟ
ಬದಲಿಸಿದೆ ಅಣ್ಣ. ಹೊಸ ರಿಲೇಯೂ ಹಾಗೆಯೇ ಮಾಡುತ್ತದೆ. ಟ್ರಾನ್ಸಿಸ್ಟರ್ ಕೂಡ ಇನ್ನೊಂದು ಹಾಕಿ ನೋಡಿದೆ, ಅದೂ 2222.

ಮಂಜೇಶ್ವರ ವೈರಿಂಗ್
ರಿಲೇ ಕಾಯಿಲಿಗೆ ಅಡ್ಡ ಡಯೋಡ್ ಇದೆಯಾ? ಆ 4007 ಡಯೋಡಿನ ಬಿಳಿ ಪಟ್ಟಿ ಪ್ಲಸ್ ಕಡೆಗೆ ಇರಬೇಕು.

ನೀರ್ಚಾಲು ತೋಟ
ಇದೆ. ಪಟ್ಟಿ ಪ್ಲಸ್ ಕಡೆಗೇ ಇದೆ.

ಕುಂಬಳೆ ರೇಡಿಯೋ
ಎರಡು ವಿಷಯ ಬೇಕು. ಒಂದು, ಟ್ರಾನ್ಸಿಸ್ಟರಿನ ಮೈಮೇಲೆ ಬರೆದದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯಿರಿ. ಬರೀ 2222 ಎಂದರೆ ಸಾಲದು. ಎರಡು, ರಿಲೇ ಬಿಡದೆ ಕೂತಿರುವಾಗ ಕಾಯಿಲಿಗೆ ಎಷ್ಟು ವೋಲ್ಟ್ ಬರುತ್ತದೆ ಎಂದು ಅಳೆಯಿರಿ. ಕಾಯಿಲಿನ ಓಮ್ಸ್ ಎಷ್ಟು ಎಂದೂ ನೋಡಿ.

ನೀರ್ಚಾಲು ತೋಟ
ಅಳೆದೆ ಮಾವ. ಮೈಮೇಲೆ ಪಿಎನ್ 2222ಎ ಎಂದಿದೆ. ಕಾಯಿಲ್ 400 ಓಮ್ಸ್. ಅದರ ಮೇಲೆ 4 ವೋಲ್ಟ್ ಬರುತ್ತಿದೆ, ಉಳಿದ 8 ವೋಲ್ಟ್ ಟ್ರಾನ್ಸಿಸ್ಟರಿನ ಮೇಲೆ. ಬೇಸಿಗೆ (ಟ್ರಾನ್ಸಿಸ್ಟರಿನ ಹತೋಟಿಯ ಕಾಲಿಗೆ) ಬರುವ ತಂತಿ ಬಿಚ್ಚಿದರೂ ಅಷ್ಟೇ. ಬೇಸಿಗೆ ಏನೂ ಕೊಡದಿದ್ದರೂ ಕರೆಂಟು ಎಲ್ಲಿಂದ ಹೋಗುತ್ತದೆ?

ಕುಂಬಳೆ ರೇಡಿಯೋ
ಆ 8 ವೋಲ್ಟೇ ಎಲ್ಲ ಹೇಳಿಬಿಟ್ಟಿತು. ನಿಮ್ಮ ಟ್ರಾನ್ಸಿಸ್ಟರ್ ಉಲ್ಟಾ ಕೂತಿದೆ.

ಚಪ್ಪಟೆ ಮುಖ ನಿಮ್ಮ ಕಡೆಗೆ ಹಿಡಿಯಿರಿ, ಕಾಲು ಕೆಳಗೆ. ಬಿಸಿ 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಿಎನ್ 2222ಎಯಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ನಡುವಿನ ಬೇಸ್ ಸರಿಯಾಗಿಯೇ ಇದೆ, ಎರಡು ತುದಿ, ಅಂದರೆ ಕರೆಂಟು ಒಳಬರುವ ಕಲೆಕ್ಟರ್ ಮತ್ತು ಹೊರಹೋಗುವ ಎಮಿಟರ್, ಅದಲು ಬದಲಾಗಿದೆ.

ಹಾಗೆ ಉಲ್ಟಾ ಆದರೂ ಟ್ರಾನ್ಸಿಸ್ಟರ್ ಪೂರ್ತಿ ಸಾಯುವುದಿಲ್ಲ. ಗೇನ್ (ಕರೆಂಟು ಹೆಚ್ಚಿಸುವ ಶಕ್ತಿ) ಮಾತ್ರ ತೀರಾ ಕಡಿಮೆ ಆಗುತ್ತದೆ. ಅದಕ್ಕೇ ರಿಲೇ ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ. ಇನ್ನು ಬಿಡದಿರುವ ಕಾರಣ ಬೇರೆ. ಎಮಿಟರ್ ಮತ್ತು ಬೇಸಿನ ನಡುವಿನ ಜಂಕ್ಷನ್ ಉಲ್ಟಾ ವೋಲ್ಟೇಜನ್ನು ಹೆಚ್ಚು ತಡೆಯುವುದಿಲ್ಲ. 2222ಕ್ಕೆ ಕಂಪೆನಿ ಕೊಡುವ ಗ್ಯಾರಂಟಿ 6 ವೋಲ್ಟ್ ಮಾತ್ರ. ಏಳು ಚಿಲ್ಲರೆಗೆ ಅದು ಝೀನರ್ ಡಯೋಡಿನ ಹಾಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಬೇಸ್–ಕಲೆಕ್ಟರ್ ದಾಟಲು ಇನ್ನೊಂದು 0.7. ಒಟ್ಟು 8. ಉಳಿದ 4 ವೋಲ್ಟ್ ಕಾಯಿಲಿಗೆ. 400 ಓಮ್ಸಿಗೆ 4 ವೋಲ್ಟ್ ಎಂದರೆ 10 ಮಿಲಿ ಆಂಪಿಯರ್. 12 ವೋಲ್ಟಿನ ರಿಲೇ ಹಿಡಿಯಲು 9 ವೋಲ್ಟ್ ಹತ್ತಿರ ಬೇಕು. ಹಿಡಿದದ್ದನ್ನು ಹಿಡಿದೇ ಇರಲು ಎರಡು ಮೂರು ವೋಲ್ಟ್ ಸಾಕು. ನಿಮ್ಮದಕ್ಕೆ 4 ಸಿಗುತ್ತಿದೆ, ಮತ್ತೆ ಯಾಕೆ ಬಿಡುತ್ತದೆ ಹೇಳಿ.

ಟ್ರಾನ್ಸಿಸ್ಟರ್ ಕಿತ್ತು ಅರ್ಧ ಸುತ್ತು ತಿರುಗಿಸಿ ಹಾಕಿ. ಚಪ್ಪಟೆ ಮುಖ ಬೋರ್ಡಿನ ಗುರುತಿಗೆ ವಿರುದ್ಧ ಬರಬೇಕು.

ಉಪ್ಪಳ ಆಡಿಯೋ
ನಿಲ್ಲಿ ನಿಲ್ಲಿ. ತಿರುಗಿಸುವ ಮೊದಲು ಸರಿಯಾಗಿ ನೋಡಿ. ನನ್ನ ಹತ್ತಿರ ಇರುವ ಹಳೆಯ ಪುಸ್ತಕದ ಚಿತ್ರದಲ್ಲಿ 547 ಎಡದಿಂದ ಇ-ಬಿ-ಸಿ (ಎಮಿಟರ್, ಬೇಸ್, ಕಲೆಕ್ಟರ್) ಎಂದೇ ಇದೆ. ಕುಂಬಳೆಯವರು ಹಿರಿಯರು, ಆದರೆ ಇದು ತಪ್ಪು ಅಂತ ನನಗೆ ಕಾಣುತ್ತದೆ.

ತಾಳವಾಡಿ ಮೇಷ್ಟ್ರು
ಉಪ್ಪಳದವರೇ, ಆ ಚಿತ್ರ ಯಾವ ಕಡೆಯಿಂದ ಬರೆದದ್ದು ನೋಡಿ. ಕಾಲುಗಳು ಮೂರು ಚುಕ್ಕೆಯ ಹಾಗೆ ಕಾಣುತ್ತಿವೆಯಾ? ಚಪ್ಪಟೆ ಬದಿ ಕೆಳಗಿದೆಯಾ? ಹಾಗಿದ್ದರೆ ಅದು ತಳದಿಂದ ನೋಡಿದ ಚಿತ್ರ. ಟ್ರಾನ್ಸಿಸ್ಟರ್ ಕೈಯಲ್ಲಿ ಹಿಡಿದು ಕಾಲನ್ನು ನಿಮ್ಮ ಮುಖದ ಕಡೆಗೆ ಮಾಡಿ, ಚಪ್ಪಟೆ ಬದಿ ಕೆಳಗೆ ಬರುವ ಹಾಗೆ ತಿರುಗಿಸಿ. 547ರಲ್ಲಿ ಆಗ ಎಡದಿಂದ ಇ-ಬಿ-ಸಿಯೇ ಬರುತ್ತದೆ. ಎರಡೂ ಸರಿ, ನೋಡುವ ಕಡೆ ಬೇರೆ.

ಹಳೆಯ ಪುಸ್ತಕಗಳಲ್ಲಿ ತಳದ ಚಿತ್ರವೇ ಹೆಚ್ಚು. ವಾಲ್ವ್ ಕಾಲದಿಂದ ಬಂದ ರೂಢಿ ಅದು. ಸಾಕೆಟ್ಟಿಗೆ ಸೋಲ್ಡರ್ ಮಾಡುವವನು ಅಡಿಯಿಂದಲೇ ನೋಡುತ್ತಿದ್ದ, ಅವನಿಗೆ ಅದೇ ಅನುಕೂಲ. ಲೋಹದ ಡಬ್ಬಿಯ ಟ್ರಾನ್ಸಿಸ್ಟರ್ ಬಂದಾಗಲೂ ಅದೇ ಮುಂದುವರಿಯಿತು. ಟಿಒ-18 ಡಬ್ಬಿಯ 2222ರಲ್ಲಿ ಅಂಚಿನಲ್ಲಿ ಒಂದು ಸಣ್ಣ ನಾಲಿಗೆ ಇರುತ್ತದೆ. ತಳದಿಂದ ನೋಡಿ, ನಾಲಿಗೆಯ ಪಕ್ಕದಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಿದರೆ ಎಮಿಟರ್, ಬೇಸ್, ಕಲೆಕ್ಟರ್. ಡಬ್ಬಿ ಒಳಗಿನಿಂದ ಕಲೆಕ್ಟರಿಗೇ ಸೇರಿರುತ್ತದೆ, ಪಕ್ಕದ ತಂತಿಗೆ ತಾಗಬಾರದು.

ಉಪ್ಪಳ ಆಡಿಯೋ
ನೋಡಿದೆ ಮೇಷ್ಟ್ರೇ. ಮೂರು ಚುಕ್ಕೆ, ಚಪ್ಪಟೆ ಬದಿ ಕೆಳಗೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಳದ ನೋಟ ಅಂತ ಬರೆದೂ ಇದೆ. ಕುಂಬಳೆ ಮಾವ ಹೇಳಿದ್ದೇ ಸರಿ, ನನ್ನ ಮಾತು ಹಿಂದೆ ತೆಗೆದುಕೊಂಡೆ.

ಹೊಸೂರು ಬೆಂಚ್
ನೀರ್ಚಾಲು ಅಣ್ಣನ ಮೂಲ ಪ್ರಶ್ನೆಗೆ ಬರುತ್ತೇನೆ. "ಎರಡೂ ಟಿಒ-92, ಹಾಗಾದರೆ ಕಾಲು ಒಂದೇ ಅಲ್ವಾ?" ಅಲ್ಲ. ಟಿಒ ಎಂದರೆ ಟ್ರಾನ್ಸಿಸ್ಟರ್ ಔಟ್‌ಲೈನ್. ಮೈ ಎಷ್ಟು ಅಗಲ, ಕಾಲು ಎಷ್ಟು ದಪ್ಪ, ನಡುವೆ ಎಷ್ಟು ಅಂತರ, ಇಷ್ಟನ್ನೇ ಅದು ಹೇಳುತ್ತದೆ. ಅಂಗಿಯ ಅಳತೆ ಇದ್ದ ಹಾಗೆ. ಒಳಗೆ ಯಾರಿದ್ದಾರೆ, ಯಾವ ಕಾಲು ಯಾರದ್ದು ಎಂದು ಅದರಿಂದ ಗೊತ್ತಾಗುವುದಿಲ್ಲ. ಟಿಒ-92 ಒಳಗೆ ಟ್ರಾನ್ಸಿಸ್ಟರೇ ಇರಬೇಕೆಂದೂ ಇಲ್ಲ. ಎಲ್‌ಎಂ 35 ಎಂಬ ಉಷ್ಣ ಅಳೆಯುವ ಐಸಿ, ವೋಲ್ಟೇಜನ್ನು ಸ್ಥಿರ ಇಡುವ 78ಎಲ್05 ರೆಗ್ಯುಲೇಟರ್, ಸಣ್ಣ ಎಸ್‌ಸಿಆರ್, ಎಲ್ಲದಕ್ಕೂ ಅದೇ ಕಪ್ಪು ಅಂಗಿ.

ಒಳಗೆ ಸಿಲಿಕಾನ್ ತುಂಡನ್ನು ಒಂದು ಕಾಲಿನ ತಲೆಯ ಮೇಲೆ ಅಂಟಿಸುತ್ತಾರೆ. ತುಂಡಿನ ತಳವೇ ಕಲೆಕ್ಟರ್, ಆದ್ದರಿಂದ ಆ ಕಾಲು ಕಲೆಕ್ಟರ್ ಆಗುತ್ತದೆ. ಮೇಲಿನಿಂದ ಕೂದಲಿಗಿಂತ ತೆಳ್ಳಗಿನ ಎರಡು ತಂತಿ ಉಳಿದ ಕಾಲುಗಳಿಗೆ ಹೋಗುತ್ತದೆ. ಯಾವ ಕಾಲಿನ ಮೇಲೆ ತುಂಡು ಕೂರಿಸಬೇಕು ಎಂಬುದು ಮಾಡುವವರ ಇಷ್ಟ. ಯುರೋಪಿನ ಬಿಸಿ ಸರಣಿ ಸಿ-ಬಿ-ಇ ಹಿಡಿಯಿತು. ಅಮೆರಿಕದ 2ಎನ್ 3904, ಪಿಎನ್ 2222 ಇ-ಬಿ-ಸಿ. ಜಪಾನಿನ ಸಿ 1815, ಸಿ 945 ಇ-ಸಿ-ಬಿ. ಇದನ್ನೂ ನಿಯಮ ಎಂದು ನಂಬಬೇಡಿ. ಮೊಟೊರೋಲಾದ ಪಿ2ಎನ್ 2222ಎ ಅಮೆರಿಕದ್ದೇ, ಆದರೆ ಕಾಲು 547ರ ಹಾಗೆ ಸಿ-ಬಿ-ಇ. ಪಿಎನ್‌ಗೂ ಪಿ2ಎನ್‌ಗೂ ನಡುವೆ ಇರುವುದು ಒಂದು 2 ಮಾತ್ರ, ಅಷ್ಟಕ್ಕೇ ಕಾಲು ತಿರುಗಿಹೋಗುತ್ತದೆ. ಒಂದಕ್ಷರ ಬಿಡದೆ ಬರೆಯಿರಿ ಎಂದು ಕುಂಬಳೆಯವರು ಕೇಳಿದ್ದು ಅದಕ್ಕೇ.

ಮುಳ್ಳೇರಿಯ
ಸಿ 1815 ಹೆಸರು ಕೇಳಿ ನೆನಪಾಯಿತು. 547ರ ಜಾಗಕ್ಕೆ ಅದನ್ನು ಹಾಕಿ ಒಂದು ವಾರ ಒದ್ದಾಡಿದ್ದೇನೆ. ಸುಮ್ನೆ ತಿರುಗಿಸಿದರೆ ಸರಿಯಾಗುವುದಿಲ್ಲ, ಏಕೆಂದರೆ ನಡುವಿನ ಕಾಲೇ ಬೇರೆ. ಬೇಸ್ ಮತ್ತು ಕಲೆಕ್ಟರ್ ಕಾಲುಗಳನ್ನು ಒಂದರ ಮೇಲೊಂದು ದಾಟಿಸಬೇಕು, ಅವು ತಾಗದ ಹಾಗೆ ಸ್ಲೀವ್ ಹಾಕಬೇಕು.

ಬದಿಯಡ್ಕದವ
ನನ್ನ ರಿಲೇ ಪಾಯಿಂಟಿನ ಮಾತು ಇಲ್ಲಿಗೆ ಹೊಂದಲಿಲ್ಲ, ಒಪ್ಪಿದೆ. ಆದರೂ ಕೇಳುತ್ತೇನೆ, ಇಷ್ಟು ಕಷ್ಟ ಯಾಕೆ? 547ನ್ನೇ ಹುಡುಕಿ ತಂದರೆ ಆಗುವುದಿಲ್ಲವೇ?

ಕುಂಬಳೆ ರೇಡಿಯೋ
ಆಗುತ್ತದೆ. ಆದರೆ ರಿಲೇಗೆ ನಾನಾದರೆ ಬಿಸಿ 337 ಹಾಕುತ್ತೇನೆ. ಕಾಲು 547ರ ಹಾಗೆಯೇ ಸಿ-ಬಿ-ಇ. 547 ತಡೆಯುವುದು 100 ಮಿಲಿ ಆಂಪಿಯರ್, 337 ತಡೆಯುವುದು 800. ಈ ರಿಲೇಗೆ ಬೇಕಾದದ್ದು 30 ಮಾತ್ರ. ಆದರೂ ಸಿಡಿಲಿನ ಊರಲ್ಲಿ ಸ್ವಲ್ಪ ಗಟ್ಟಿ ಇದ್ದರೆ ಒಳ್ಳೆಯದು.

ಅಕ್ಕಲಕೋಟೆ ವೈಂಡಿಂಗ್
ನಮಸ್ಕಾರ್ರೀ ಎಲ್ಲಾರಿಗೂ. ನೀವು 12 ವೋಲ್ಟಿನ ಮಾತು ಆಡುತ್ತಿದ್ದೀರಿ. ನನಗೆ ದಿನಾ 230 ವೋಲ್ಟಿನ ಕೆಲಸ. ಫ್ಯಾನ್ ರೆಗ್ಯುಲೇಟರಿನಲ್ಲಿ ಬಿಟಿ 136 ಟ್ರಯಾಕ್ (ಎಸಿ ಕರೆಂಟಿನ ಸ್ವಿಚ್) ಇರುತ್ತದೆ. ಟಿಒ-220, ಬರಹ ನಮ್ಮ ಕಡೆಗೆ ಇದ್ದಾಗ ಎಡದಿಂದ ಟಿ1, ಟಿ2, ಗೇಟ್. ಹಿಂದಿನ ಲೋಹದ ಬಾಲ ನಡುವಿನ ಟಿ2ಗೆ ಸೇರಿರುತ್ತದೆ. ಅಂದರೆ ಬಾಲ ಮುಟ್ಟಿದರೆ ಕರೆಂಟು ಹೊಡೆಯುತ್ತದೆ. ಹೀಟ್ ಸಿಂಕಿಗೆ ನೇರ ಬೋಲ್ಟ್ ಹಾಕಿದರೆ ಹೀಟ್ ಸಿಂಕ್ ಕೂಡ ಹೊಡೆಯುತ್ತದೆ. ನನ್ನ ಹತ್ತಿರ ಕಲಿಯಲು ಬಂದ ಹುಡುಗ ಒಬ್ಬ ಇದನ್ನು ತಿಳಿಯದೆ ಕೈ ಇಟ್ಟು ಬಿದ್ದಿದ್ದ. ಪುಣ್ಯಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ನಾನು ಬಿಟಿಎ ಎಂದು ಶುರುವಾಗುವ ಟ್ರಯಾಕ್ ಮಾತ್ರ ತರಿಸುತ್ತೇನೆ, ಅದರ ಬಾಲಕ್ಕೆ ಒಳಗೇ ಇನ್ಸುಲೇಷನ್ ಇರುತ್ತದೆ. ಬಿಟಿಬಿ ಎಂದರೆ ಇನ್ಸುಲೇಷನ್ ಇಲ್ಲ. ನೋಡಲು ಎರಡೂ ಒಂದೇ ಥರ.

ಪೆರ್ಲ ಭಜನಾ ಸೌಂಡ್
ಬಾಲದ ಮಾತು ಬಂದದ್ದು ಒಳ್ಳೆಯದಾಯಿತು. ನಾನು ಕಲಿತದ್ದು ಟ್ರಾನ್ಸ್‌ಫಾರ್ಮರ್ ಸುಟ್ಟ ಮೇಲೆ.

ಭಜನಾ ಮಂದಿರದ ಮೈಕಿಗೆ ಸಣ್ಣ ಮಿಕ್ಸರ್ ಕಟ್ಟಿದ್ದೆ. ಪ್ಲಸ್ 12 ವೋಲ್ಟಿಗೆ 7812 ರೆಗ್ಯುಲೇಟರ್, ಮೈನಸ್ 12 ವೋಲ್ಟಿಗೆ 7912. ಎರಡೂ ಟಿಒ-220, ಅಕ್ಕಪಕ್ಕ ಇಟ್ಟರೆ ಅವಳಿಗಳ ಹಾಗೆ. ಒಂದೇ ಅಲ್ಯೂಮಿನಿಯಂ ಪಟ್ಟಿಗೆ ಎರಡನ್ನೂ ನಡುವೆ ಇನ್ಸುಲೇಷನ್ನಿನ ಮೈಕಾ ಹಾಳೆ ಇಲ್ಲದೆ ಬಿಗಿದೆ. 7812ರಲ್ಲಿ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್, ಬಾಲ ಗ್ರೌಂಡ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್, ಬಾಲ ಇನ್‌ಪುಟ್! ಅಂದರೆ ಮೈನಸ್ ಸಪ್ಲೈ ಪೂರ್ತಿ ಪಟ್ಟಿಯ ಮೂಲಕ ಗ್ರೌಂಡಿಗೆ ಶಾರ್ಟ್. ಫ್ಯೂಸ್ ಹಾಕಿರಲಿಲ್ಲ. ಎರಡೇ ನಿಮಿಷದಲ್ಲಿ ವಾಸನೆ ಬಂತು. ನಗರ ಭಜನೆಯ ಸಮಯ, ಎಲ್ಲರೂ ಕಾದು ಕೂತಿದ್ದರು. ಆ ರಾತ್ರಿ ಮೈಕಿಲ್ಲದೆಯೇ ಹಾಡಿದೆವು.

ಈಗ ಯಾವ ಬಾಲವಾದರೂ ಬಿಗಿಯುವ ಮೊದಲು ಮೀಟರ್ ಇಟ್ಟು ಯಾವ ಕಾಲಿಗೆ ಬೀಪ್ ಬರುತ್ತದೆ ನೋಡುತ್ತೇನೆ.

ಹೊಸೂರು ಬೆಂಚ್
ಎಲ್‌ಎಂ 317 ರೆಗ್ಯುಲೇಟರಿನ ಬಾಲ ಔಟ್‌ಪುಟ್, ಕಾಲು ಎಡದಿಂದ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. 7805 ಎಂದುಕೊಂಡು ಹಾಕಿದರೆ ಹೋಯಿತು. ಈಗಿನ ಬೋರ್ಡುಗಳಲ್ಲಿ ಬರುವ 1117ರ ಬಾಲವೂ ಔಟ್‌ಪುಟ್. ಇನ್ನೊಂದು ದೊಡ್ಡ ಗುಂಡಿ 78ಎಲ್05. ಹೆಸರಿನಲ್ಲಿ ಒಂದು ಎಲ್ ಜಾಸ್ತಿ ಅಷ್ಟೇ, ಆದರೆ ಚಪ್ಪಟೆ ಮುಖದಿಂದ ನೋಡಿದರೆ ಔಟ್‌ಪುಟ್, ಗ್ರೌಂಡ್, ಇನ್‌ಪುಟ್. ದೊಡ್ಡ 7805ಕ್ಕೆ ಪೂರ್ತಿ ತಿರುಗು.

ಮಡಕಶಿರ ಬೋರ್ವೆಲ್
ಇಷ್ಟೆಲ್ಲ ಬಾಯಿಪಾಠ ಮಾಡಬೇಕಾ ಅಣ್ಣ? ಮೊಬೈಲಿನಲ್ಲಿ ನಂಬರ್ ಹೊಡೆದು ಚಿತ್ರ ನೋಡಿದರೆ ಸಾಕಲ್ವಾ?

ತಾಳವಾಡಿ ಮೇಷ್ಟ್ರು
ಚಿತ್ರ ನೋಡಿ, ಆದರೆ ಯಾರೋ ಬರೆದ ಚಿತ್ರ ಬೇಡ. ನಿಮ್ಮ ಕೈಯಲ್ಲಿರುವ ಕಂಪೆನಿಯ ಡೇಟಾಶೀಟೇ ತೆರೆಯಿರಿ. ಆಮೇಲೆ ಮೀಟರಿನಲ್ಲಿ ಒಂದು ಸಲ ಖಚಿತ ಮಾಡಿಕೊಳ್ಳಿ. ನನ್ನ ಮಕ್ಕಳಿಗೆ ನಾನು ಹೇಳಿಕೊಡುವುದು ಹೀಗೆ.

ಮೀಟರನ್ನು ಡಯೋಡ್ ಗುರುತಿಗೆ ತನ್ನಿ. ಕೆಂಪು ಕಡ್ಡಿಯನ್ನು ಒಂದು ಕಾಲಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಉಳಿದ ಎರಡಕ್ಕೂ ಮುಟ್ಟಿಸಿ. ಎರಡರಲ್ಲೂ 0.6, 0.7 ಹತ್ತಿರ ಬಂದರೆ ಕೆಂಪು ಇರುವುದೇ ಬೇಸ್, ಟ್ರಾನ್ಸಿಸ್ಟರ್ 547ರ ಹಾಗೆ ಎನ್‌ಪಿಎನ್. ಕಪ್ಪು ಒಂದೇ ಕಡೆ ನಿಂತು ಕೆಂಪು ಓಡಾಡಿದಾಗ ಹಾಗೆ ಬಂದರೆ ಇನ್ನೊಂದು ಜಾತಿ, ಪಿಎನ್‌ಪಿ. ಇನ್ನು ಎಮಿಟರ್ ಯಾವುದು? ಎರಡು ಅಂಕಿಯಲ್ಲಿ ಸ್ವಲ್ಪ ಹೆಚ್ಚು ತೋರಿಸಿದ್ದು ಎಮಿಟರ್. ವ್ಯತ್ಯಾಸ ಕೆಲವೇ ಮಿಲಿವೋಲ್ಟ್, ಆದ್ದರಿಂದ ಬೆರಳಿನಿಂದ ಟ್ರಾನ್ಸಿಸ್ಟರ್ ಬಿಸಿ ಮಾಡಬೇಡಿ. ಮೀಟರಿನಲ್ಲಿ ಗೇನ್ ಅಳೆಯುವ ಎಚ್ಎಫ್ಇ ತೂತು ಇದ್ದರೆ ಇನ್ನೂ ಸುಲಭ. ಸರಿಯಾಗಿ ಹಾಕಿದರೆ ನೂರು, ಇನ್ನೂರು ಎಂದು ತೋರಿಸುತ್ತದೆ. ಉಲ್ಟಾ ಹಾಕಿದರೆ ಬಹಳ ಸಣ್ಣ ಅಂಕಿ.

ಐಸಿಗೆ ಇಷ್ಟು ಕಷ್ಟ ಇಲ್ಲ. ಕಚ್ಚು ಮೇಲೆ ಇಟ್ಟರೆ ಅದರ ಎಡಗಡೆಯದು 1. ಎಡಸಾಲಿನಲ್ಲಿ ಇಳಿದು, ಬಲಸಾಲಿನಲ್ಲಿ ಹತ್ತಿ ಬರಬೇಕು. ಎರಡು ಸಾಲಿನ ಈ ಡಿಐಪಿ ಅಂಗಿ 1964ರ ಹೊತ್ತಿಗೆ ಫೇರ್‌ಚೈಲ್ಡ್‌ನಲ್ಲಿ ಹುಟ್ಟಿದ್ದು, ಎಣಿಕೆ ಇಂದಿಗೂ ಅದೇ. ಆದರೆ ಎಣಿಕೆ ಒಂದೇ ಎಂದು ಕೆಲಸವೂ ಒಂದೇ ಅಲ್ಲ. 7400 ಗೇಟಿನಲ್ಲಿ 14ಕ್ಕೆ 5 ವೋಲ್ಟ್, 7 ಗ್ರೌಂಡ್. 7490 ಕೌಂಟರಿಗೂ 14 ಕಾಲು, ಅದರಲ್ಲಿ 5ಕ್ಕೆ ಸಪ್ಲೈ, 10 ಗ್ರೌಂಡ್. ಪ್ರತಿವರ್ಷ ಒಬ್ಬ ಹುಡುಗನಾದರೂ ಇದರಲ್ಲಿ ಬೀಳುತ್ತಾನೆ.

ಮಡಕಶಿರ ಬೋರ್ವೆಲ್
ಇದು ಬರೆದಿಟ್ಟುಕೊಂಡೆ ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಒಂದು ವಿಷಯ ಖುಷಿ ಆಯಿತು. ನೀವೆಲ್ಲ ಪಿನ್ ಎನ್ನದೆ ಕಾಲು ಎನ್ನುತ್ತೀರಿ. ನಮ್ಮ ಕಡೆ ತೆಲುಗಿನಲ್ಲೂ ಕಾಲು ಎಂದೇ ಹೇಳುತ್ತಾರೆ.

ತಾಳವಾಡಿ ಮೇಷ್ಟ್ರು
ತಮಿಳಿನಲ್ಲೂ ಕಾಲ್.

ಮಂಜೇಶ್ವರ ವೈರಿಂಗ್
ಮಲಯಾಳದಲ್ಲೂ ಕಾಲ್, ತುಳುವಿನಲ್ಲಿ ಕಾರ್. ನನ್ನ ಅಂಗಡಿಗೆ ಮೂರೂ ಭಾಷೆಯವರು ಬರುತ್ತಾರೆ. "ಒಂದು ಕಾಲು ಬಿಟ್ಟಿದೆ" ಎಂದರೆ ಯಾರಿಗೂ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕಲಕೋಟೆ ವೈಂಡಿಂಗ್
ಮರಾಠಿಯಲ್ಲಿ ಪಾಯ. ಅದೂ ಕಾಲೇ.

ಕುಂಬಳೆ ರೇಡಿಯೋ
ನಾನು ಕೆಲಸ ಕಲಿಯುವಾಗ ನಮ್ಮ ಗುರುಗಳು ಓಸಿ 71 ಕೈಗೆ ಕೊಟ್ಟು "ಚುಕ್ಕೆ ಇರುವ ಕಡೆ ಕಲೆಕ್ಟರ್, ಮರೆಯಬೇಡ" ಎಂದಿದ್ದರು. ಜರ್ಮೇನಿಯಂ ಟ್ರಾನ್ಸಿಸ್ಟರ್, ಗಾಜಿನ ಮೈಗೆ ಕಪ್ಪು ಬಣ್ಣ. ಆ ಬಣ್ಣ ಕೆರೆದರೆ ಬೆಳಕಿಗೆ ಕೆಲಸ ಮಾಡುತ್ತಿತ್ತು. ಕೆರೆದು ಟಾರ್ಚ್ ಹಾಕಿ, ಮೀಟರಿನ ಮುಳ್ಳು ಏಳುವುದನ್ನು ತೋರಿಸಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಈ ಕೆಲಸ ಬಿಡುವುದಿಲ್ಲ ಎಂದು ಅವತ್ತೇ ಗಟ್ಟಿ ಮಾಡಿದೆ. ಆಮೇಲೆ 2ಎನ್ 3055 ಬಂತು. ದೊಡ್ಡ ಟಿಒ-3 ಡಬ್ಬಿ, ಕಾಲು ಎರಡೇ, ಮೈಯೇ ಕಲೆಕ್ಟರ್. ಆ ಎರಡು ಕಾಲುಗಳನ್ನು ಸರಿ ಮಧ್ಯದಲ್ಲಿ ಇಡದೆ ಒಂದು ಬದಿಗೆ ಸರಿಸಿದ್ದಾರೆ, ಹೀಗಾಗಿ ಉಲ್ಟಾ ಕೂರಿಸಲು ಆಗುವುದೇ ಇಲ್ಲ. ಅಷ್ಟು ಒಳ್ಳೆಯ ಉಪಾಯ ಟಿಒ-92ಕ್ಕೆ ಯಾಕೆ ಮಾಡಲಿಲ್ಲವೋ ಎಂದು ನನಗೆ ಇವತ್ತಿಗೂ ಬೇಸರ ಉಂಟು.

ಹೊಸೂರು ಬೆಂಚ್
ಈಗಿನ ಎಸ್‌ಒಟಿ-23 ಅಂಗಿ ಆ ಮಟ್ಟಿಗೆ ಒಳ್ಳೆಯದು ಮಾವ. ಒಂದು ಕಡೆ ಎರಡು ಕಾಲು, ಇನ್ನೊಂದು ಕಡೆ ಒಂದು. ತಿರುಗಿಸಿ ಹಾಕಲು ಬರುವುದಿಲ್ಲ. 547ರ ತಮ್ಮ ಬಿಸಿ 847ರಲ್ಲಿ ಒಂಟಿ ಕಾಲೇ ಕಲೆಕ್ಟರ್. ಆದರೆ ಮೈ 3 ಮಿಲಿಮೀಟರ್ ಕೂಡ ಇಲ್ಲ. ಪೂರ್ತಿ ಹೆಸರು ಬರೆಯಲು ಜಾಗ ಸಾಲದೆ ಎರಡು ಮೂರು ಅಕ್ಷರದ ಗುರುತು ಹಾಕುತ್ತಾರೆ. ಭೂತಗನ್ನಡಿ ಹಿಡಿದು ಓದಬೇಕು.

ನೀರ್ಚಾಲು ತೋಟ
ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಮಧ್ಯಾಹ್ನ ಊಟ ಮಾಡಿ ಕೂತೆ. ಮೊದಲು ಮೇಷ್ಟ್ರು ಹೇಳಿದ ಹಾಗೆ ಮೀಟರಿನಲ್ಲಿ ನೋಡಿದೆ. ಚಪ್ಪಟೆ ಮುಖ ನನ್ನ ಕಡೆ ಇದ್ದಾಗ ಎಡಗಾಲು 0.671, ಬಲಗಾಲು 0.664. ಎಡಗಡೆಯೇ ಎಮಿಟರ್! ಎಚ್ಎಫ್ಇ ತೂತಿನಲ್ಲಿ ಸರಿಯಾಗಿ ಇಟ್ಟಾಗ 190, ಉಲ್ಟಾ ಇಟ್ಟಾಗ 8.

ತಿರುಗಿಸಿ ಸೋಲ್ಡರ್ ಮಾಡಿದೆ. ಈಗ ರಿಲೇ ಟಕ್ ಎಂದು ಹಿಡಿಯುತ್ತದೆ. ಮೇಲಿನ ಟ್ಯಾಂಕಿಯ ಪ್ರೋಬ್ (ನೀರು ತುಂಬಿತೆಂದು ತಿಳಿಸುವ ತಂತಿ) ನೀರಿಗೆ ಮುಟ್ಟಿದ ಕೂಡಲೇ ಟಕ್ ಎಂದು ಬಿಡುತ್ತದೆ. ಬಿಟ್ಟಾಗ ಕಾಯಿಲಿನ ಮೇಲೆ ಸೊನ್ನೆ ವೋಲ್ಟ್. ಟ್ಯಾಂಕಿ ತುಂಬುವ ತನಕ ಪಕ್ಕದಲ್ಲೇ ನಿಂತು ನೋಡಿದೆ, ಒಂದು ಹನಿ ಹೊರಗೆ ಹೋಗಲಿಲ್ಲ. ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಇ, ಬಿ, ಸಿ ಎಂದು ಬರೆದಿಟ್ಟಿದ್ದೇನೆ.

ಮುಳ್ಳೇರಿಯ
ಬಹಳ ಸಂತೋಷ. ಸುರಂಗ ಎಷ್ಟು ಉದ್ದ ನಿಮ್ಮದು? ನಮ್ಮ ಅಜ್ಜ ತೋಡಿಸಿದ್ದು ಮಾರ್ಚಿಗೇ ಸಣ್ಣದಾಗುತ್ತದೆ.

ನೀರ್ಚಾಲು ತೋಟ
ಸುಮಾರು ಅರುವತ್ತು ಕೋಲು. ಕೆಂಪುಕಲ್ಲಿನ ಗುಡ್ಡದೊಳಗೆ. ಮಳೆ ಬರುವ ತನಕ ದಾರದಷ್ಟಾದರೂ ಬರುತ್ತದೆ, ಅದಕ್ಕೇ ಇಷ್ಟು ಜೋಪಾನ.

ಕುಂಬಳೆ ರೇಡಿಯೋ
ಒಂದು ಮಾತು ಬಾಕಿ ಉಂಟು. ಪ್ರೋಬ್ ಯಾವುದರದ್ದು? ತಾಮ್ರದ ತಂತಿಯಾದರೆ ಪ್ಲಸ್ ಕಡೆಯದ್ದು ಸವೆದು ಹಸಿರು ಕಟ್ಟುತ್ತದೆ. ಕುಡಿಯುವ ನೀರಿಗೆ ಅದು ಬೇಡ.

ನೀರ್ಚಾಲು ತೋಟ
ತಾಮ್ರದ್ದೇ ಮಾವ. ಹಸಿರು ಕಟ್ಟಿದೆ ಕೂಡ. ನಾಳೆ ಕುಂಬಳೆ ಕಡೆ ಬರುವುದುಂಟು, ಸ್ಟೀಲಿನ ಕಡ್ಡಿ ಎರಡು ತರುತ್ತೇನೆ. ಹಾಗೆಯೇ ಬಿಸಿ 337 ಒಂದು ಹತ್ತು.